ಬೋರಲು ಹಾಕಿದ ತಾಟು

ಬಿಸಿಲು ಬಸ್ಸಿನ ಕಿಟಕಿಯ ಸರಳು ದಾಟಿ ಮಗಳ ಹಣೆಯ ಮೇಲೆ ಬಿತ್ತು, ಹೋಯಿತು, ಮತ್ತೆ ಬಿತ್ತು, ಈ ಬಿಸಿಲಿಗೆ ಬೀಳಲು ಬೇರೆ ಜಾಗವೇ ಸಿಗಲಿಲ್ಲವೇ, ಲಲಿತಾ ಸೆರಗು ಎಳೆದು ಕಿಟಕಿಗೆ ಅಡ್ಡ ಹಿಡಿದಳು, ಗಾಳಿ ಅದನ್ನು ಕಸಿದುಕೊಳ್ಳುವಂತೆ ಬಡಿಯಿತು — ತೊಡೆಯ ಮೇಲೆ ಭಾಗ್ಯಜ್ಯೋತಿಯ ತಲೆ, ಎಂಟನೇ ಕ್ಲಾಸಿನ ಹುಡುಗಿಯ ತಲೆ ಇಷ್ಟು ಭಾರವೇ, ಒಳಗೆ ಏನೂ ಇಲ್ಲ ಎಂದರಲ್ಲ ರಾಯಚೂರಿನ ಡಾಕ್ಟರು, ಗಡ್ಡೆ ಇಲ್ಲ, ಕಣ್ಣು ಚೆನ್ನಾಗಿವೆ, ಕನ್ನಡಕ ಬೇಡ, ಗಡ್ಡೆ ಇಲ್ಲ ಎಂಬ ಒಂದು ಮಾತು ಕೇಳಿದ ಕೂಡಲೇ ದವಾಖಾನೆಯ ಬೆಂಚಿನ ಮೇಲೆ ಕೂತು ಅತ್ತುಬಿಟ್ಟಿದ್ದಳು ಲಲಿತಾ, ಅಲ್ಲಿದ್ದವರೆಲ್ಲ ಏನೋ ಕೆಟ್ಟ ಸುದ್ದಿ ಬಂತೆಂದು ತಿರುಗಿ ನೋಡಿದರು, ಒಳ್ಳೆಯ ಸುದ್ದಿಗೆ ಹೀಗೆ ಅಳುವವಳು ಇವಳೊಬ್ಬಳೇ ಇರಬೇಕು. ಮತ್ತೆ ನೋವು ಯಾಕೆ ಬರುತ್ತದೆ? ಏನೂ ಇಲ್ಲದ ಕಡೆಯಿಂದ ಬರುವುದು ಹೇಗೆ? ಅರೆತಲೆನೋವು ಅಂತಾರ ಇದಕ್ಕ, ಡಾಕ್ಟರ್ ಗುಲ್ಫಶಾ ನಿಧಾನವಾಗಿ ಬಿಡಿಸಿ ಹೇಳಿದ್ದರು, ಈ ವಯಸ್ಸಿನಾಗ ಭಾಳ ಮಕ್ಕಳಿಗೆ ಬರ್ತದ, ನಿಮ್ಮ ಮನ್ಯಾಗ ಯಾರಿಗರೆ ಇತ್ತೇನ್ರಿ, ಇತ್ತರಿ, ನನಗ ಇತ್ತು — ಹೌದಲ್ಲ, ತನಗೂ ಇತ್ತು, ಮಲ್ಲಟದ ತವರಿನಲ್ಲಿ, ಜೋಳದ ಚೀಲಗಳ ಹಿಂದಿನ ಕತ್ತಲಲ್ಲಿ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗುತ್ತಿದ್ದಳು, ಅವ್ವ ಹುಡುಕಿಕೊಂಡು ಬಂದು ಬಾಯಿಗೆ ಏನಾದರೂ ತುರುಕುತ್ತಿದ್ದಳು, ರೊಟ್ಟಿ ಚೂರು, ಬೆಲ್ಲ, ಹಸದ್ರ ಜಾಸ್ತಿ ಆಗ್ತದ, ತಿನ್ನಬೇ, ಎನ್ನುತ್ತಿದ್ದಳು, ಇಷ್ಟು ವರ್ಷ ಅದು ಮರೆತೇ ಹೋಗಿತ್ತು, ಮರೆಯುವಂಥದ್ದೇ ಅದು?

ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ದಿ, ನೀರು ಕುಡಸ್ರಿ, ನೋವು ಶುರು ಆದ ಕೂಡ್ಲೆ ಗುಳಿಗಿ ಕೊಟ್ಟು ಕತ್ಲಾಗ ಮಲಗಸ್ರಿ, ಆದ್ರ ದಿನಾ ಗುಳಿಗಿ ನುಂಗಸಬ್ಯಾಡ್ರಿ, ಅದರಿಂದನ ನೋವು ಹೆಚ್ಚಾಗ್ತದ, ಎಂದರು ಡಾಕ್ಟರು. ಇಷ್ಟೇನಾ, ಇಷ್ಟು ಕೇಳಲು ದೇವದುರ್ಗದಿಂದ ಬರಬೇಕಿತ್ತಾ ಎನಿಸಿತು, ಹುಡುಗಿ ಊಟ ಬಿಡ್ತಾಳೇನ್ರಿ ಎಂದು ಅವರು ಕೇಳಿದಾಗ ಮಾತ್ರ ಲಲಿತಾಳ ನಾಲಿಗೆ ತಾನೇ ತಾನಾಗಿ ಹೊರಳಿತು, ಇಲ್ರಿ, ಟೈಮಿಗೆ ಸರಿಯಾಗಿ ಉಣ್ತಾಳ್ರಿ. ಪಕ್ಕದಲ್ಲಿ ಭಾಗ್ಯ ತಲೆ ತಗ್ಗಿಸಿದಳು. ಮನೆದೇವರ ಮಾತನ್ನು ದವಾಖಾನೆಯಲ್ಲಿ ಆಡುತ್ತಾರೆಯೇ, ಓದಿದವರು ನಗುತ್ತಾರೆ, ಇಲ್ಲವೇ ಬೈಯುತ್ತಾರೆ — ಮಂಗಳವಾರ, ಶುಕ್ರವಾರ ದುರುಗಮ್ಮನ ಒಪ್ಪತ್ತು, ಸಂಜೆ ದೀಪ ಹಚ್ಚುವ ತನಕ ಹುಡುಗಿ ಏನೂ ತಿನ್ನುವಂತಿಲ್ಲ, ಶಾಲೆಯ ಬಿಸಿಯೂಟಕ್ಕೂ ಕೂರುವಂತಿಲ್ಲ, ತಲೆನೋವು ಹೋಗಲಿ ಎಂದು ಅತ್ತೆ ಮಾರೆಮ್ಮ ಹೊತ್ತ ಹರಕೆ, ಹೊತ್ತವಳು ಅತ್ತೆ, ಹಸಿದವಳು ಮಗಳು, ಇದ್ಯಾವ ನ್ಯಾಯ, ಛೆ, ಹಾಗೆ ಅನ್ನಬಾರದು, ಅತ್ತೆಯೂ ಆ ವಾರ ಏನೂ ಮುಟ್ಟುವುದಿಲ್ಲ, ಮೊಮ್ಮಗಳು ನರಳಿದರೆ ಮುದುಕಿ ಹೊಸ್ತಿಲು ಬಿಟ್ಟು ಏಳುವುದಿಲ್ಲ, ಪ್ರೀತಿಗೇನು ಕಮ್ಮಿಯಿಲ್ಲ. ಮುಂಜಾನೆ ರೊಟ್ಟಿ ಬಡಿದ ಕೂಡಲೇ ಭಾಗ್ಯಳ ಪಾಲನ್ನು ಸ್ಟೀಲ್ ತಾಟಿಗೆ ಹಾಕಿ, ಅದರ ಮೇಲೆ ಇನ್ನೊಂದು ತಾಟು ಬೋರಲು ಹಾಕಿ, ದೇವರ ಮುಂದೆ ಇಡುವವಳು ಮಾರೆಮ್ಮನೇ. ಹುಡುಗಿ ಶಾಲೆಗೆ ಹೋಗುವಾಗ ಅದಕ್ಕೆ ಕೈ ಮುಗಿಯಬೇಕು, ಸಂಜೆ ಬಂದು ಮೇಲಿನ ತಾಟು ಎತ್ತಬೇಕು, ಅಷ್ಟು ಹೊತ್ತಿಗೆ ರೊಟ್ಟಿ ಸೆಟೆದು ಹಪ್ಪಳದಂತಾಗಿರುತ್ತದೆ. ಇವತ್ತೂ ಇಟ್ಟೇ ಕಳಿಸಿದ್ದಾಳೆ, ಇವತ್ತು ಶುಕ್ರವಾರ.

ಬಸ್ಸು ಕಲ್ಮಲಾ ದಾಟಿತು, ಯಾರೋ ಉಳ್ಳಾಗಡ್ಡಿ ಚೀಲ ಹತ್ತಿಸಿದ್ದಾರೆ, ಆ ವಾಸನೆಗೆ ಭಾಗ್ಯ ಮೂಗು ಮುಚ್ಚಿಕೊಂಡಳು, ಯವ್ವಾ, ಬರಾಕತ್ತದ, ಎಡಗಣ್ಣ ಮುಂದ ತಾಟು ಹೊಳದಂಗ ಹೊಳಿಯಾಕತ್ತದ. ಶುಕ್ರವಾರ, ಬಂತು. ನೋಡಬೇ, ದೇವಿ ವಾರ ತಪ್ಪಂಗಿಲ್ಲ ಇದು, ಎನ್ನುತ್ತಾಳೆ ಅತ್ತೆ, ಅಕಿ ವಾರಕ್ಕ ಬರ್ತದ ಅಂದ್ರ ಅಕಿದೇ ಆಟ, ಒಪ್ಪತ್ತು ಇನ್ನಾ ಬಿಗಿ ಮಾಡ್ಬೇಕು — ದೇವಿಯ ವಾರಕ್ಕೆ ಬರುತ್ತದೋ, ಹಸಿದ ವಾರಕ್ಕೆ ಬರುತ್ತದೋ, ಎರಡೂ ಒಂದೇ ವಾರವಾದರೆ ತಿಳಿಯುವುದು ಹೇಗೆ, ಆದರೆ ಕಲ್ಲೂರಿನ ಮದುವೆಯಲ್ಲಿ, ಭಾನುವಾರ, ಹೊಟ್ಟೆ ತುಂಬ ಉಂಡ ಮೇಲೂ ಬಂದಿತ್ತಲ್ಲ, ಡಿಜೆ ಸಪ್ಪಳಕ್ಕೋ ಏನೋ, ಮತ್ತೆ ಒಂದು ಶುಕ್ರವಾರ ಬರಲೇ ಇಲ್ಲ, ತಲೆ ಕೆಟ್ಟುಹೋಗುತ್ತದೆ ಯೋಚಿಸಿದರೆ. ಗಂಡ ಪರಮಣ್ಣ ಮಾನ್ವಿ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಿಕೊಂಡಿದ್ದಾನೆ, ಅಲ್ಲಿಂದಲೇ ಫೋನಿನಲ್ಲಿ ತೀರ್ಪು ಕೊಟ್ಟ, ಮೊಬೈಲ್ ಕಸ್ಕೊ, ಎಲ್ಲಾ ನೆಟ್ಟಗಾಗ್ತದ. ಕಸಿದುಕೊಂಡದ್ದಾಯಿತು, ನೋವು ಹೋಗಲಿಲ್ಲ, ಮೊಬೈಲು ಮಾರೆಮ್ಮನ ಕೈ ಸೇರಿತು, ಈಗ ರೀಲ್ಸ್ ನೋಡುವವಳು ಮುದುಕಿ. ಆದರೆ ಬೇಸಿಗೆ ರಜೆ? ಅದನ್ನು ಹೇಗೆ ಸುಳ್ಳೆನ್ನುವುದು, ರಜೆಯಲ್ಲಿ ಭಾಗ್ಯ ಮಲ್ಲಟದ ಅಜ್ಜಿಯ ಮನೆಯಲ್ಲಿದ್ದಳು, ಅಲ್ಲೂ ಒಪ್ಪತ್ತು ಬಿಡಬ್ಯಾಡ ಎಂದು ಮಾರೆಮ್ಮ ಆಣೆ ಹಾಕಿಸಿ ಕಳಿಸಿದ್ದಳು, ರಜೆ ಮುಗಿಯುವ ತನಕ ಒಂದು ಸಲವೂ ತಲೆ ನೋಯಲಿಲ್ಲ, ದೇವಿ ಕಣ್ಣು ತೆರೆದಳೆಂದು ಓಣಿಗೆಲ್ಲ ಹೋಳಿಗೆ ಹಂಚಿದರು, ಹರಕೆಯನ್ನು ಬರುವ ಉಗಾದಿಯ ತನಕ ಮುಂದುವರಿಸಿದರು, ಶಾಲೆ ಶುರುವಾಯಿತು, ನೋವು ತಿರುಗಿ ಬಂತು, ಎಲ್ಲಿ ತಪ್ಪಿತು, ಏನು ಕಮ್ಮಿಯಾಯಿತು ಎಂದು ಮಾರೆಮ್ಮ ಕೇಳಿದ್ದೇ ಕೇಳಿದ್ದು, ಹುಡುಗಿ ಬಾಯಿ ಬಿಡಲಿಲ್ಲ.

ಈಗ ಬಿಟ್ಟಳು. ಸೆರಗಿನ ನೆರಳಲ್ಲಿ ಕಣ್ಣು ಮುಚ್ಚಿಕೊಂಡೇ, ಯವ್ವಾ, ಒಂದು ಮಾತು ಹೇಳ್ತೀನಿ, ಮಾರೆಮ್ಮಾಯಿ ಮುಂದ ಹೇಳಬ್ಯಾಡ, ಮಲ್ಲಟದಾಗ ನಾ ಒಪ್ಪತ್ತು ಹಿಡದಿಲ್ಲ, ಅಜ್ಜಿ ಮುಂಜಾನಿಗೇ ರೊಟ್ಟಿ ತಿನ್ನಸ್ತಿದ್ಲು, ಬ್ಯಾಡ ಅಂದ್ರೂ ಬಿಡ್ಲಿಲ್ಲ, ಮಂಗಳವಾರಾನೂ ತಿಂದೀನಿ, ಶುಕ್ರವಾರಾನೂ ತಿಂದೀನಿ, ಆಣಿ ಮುರದೀನಿ, ಅದಕ್ಕ ದೇವಿ ಸಿಟ್ಟಾಗ್ಯಾಳ, ಈಗ ಬರಾಕತ್ತಿದ್ದು ನನ್ನ ತಪ್ಪಿಗೇ. ಎಷ್ಟು ಸಣ್ಣ ದನಿ, ಬಸ್ಸಿನ ಸದ್ದಿನಲ್ಲಿ ಕೇಳಿತೋ ಇಲ್ಲವೋ, ಕೇಳಿತು, ಎಲ್ಲ ಕೇಳಿತು, ತಿಂದಾಗ ನೋವಿರಲಿಲ್ಲ, ಅಂದರೆ ಆ ಹೋಳಿಗೆ, ಓಣಿಗೆಲ್ಲ ಹಂಚಿದ ಹೋಳಿಗೆ, ಅದು ಒಪ್ಪತ್ತು ಹಿಡಿಯದ್ದಕ್ಕೆ ಹಂಚಿದ್ದು, ಲಲಿತಾಳಿಗೆ ನಗು ಬಂತು, ನಗು ಅರ್ಧಕ್ಕೇ ಅಳುವಾಯಿತು, ಈ ಕೂಸು ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಬೋರಲು ತಾಟಿಗೆ ಕೈ ಮುಗಿದು, ತಪ್ಪಾಯ್ತು ತಪ್ಪಾಯ್ತು ಎಂದುಕೊಂಡು ಶಾಲೆಗೆ ಹೋಗಿದೆ, ಅಯ್ಯೋ ನನ್ನ ಮಗಳೇ. ಆದರೆ ನಿಜಕ್ಕೂ ಅವಳು ಹೇಳಿದ್ದೇ ಸರಿಯಿದ್ದರೆ, ಆಣೆ ಮುರಿದದ್ದಕ್ಕೇ ದೇವಿ ತಿರುಗಿಬಿದ್ದಿದ್ದರೆ — ಇಲ್ಲ, ಡಾಕ್ಟರು ಕೇಳಿದರಲ್ಲ, ಊಟ ಬಿಡ್ತಾಳೇನ್ರಿ, ಅವರಿಗೆ ಬೇಕಾಗಿದ್ದ ಮಾತು ಅದೊಂದೇ, ಅದನ್ನೇ ತಾನು ಮುಚ್ಚಿಟ್ಟಳು, ಮುಚ್ಚಿಟ್ಟಳು, ತಾಟಿನ ಮೇಲೆ ತಾಟು.

ಗಬ್ಬೂರು ಬಂತು, ಬಾಳೆಹಣ್ಣಿನವಳು ಬುಟ್ಟಿಯನ್ನು ಕಿಟಕಿಗೆ ಎತ್ತಿದಳು, ಲಲಿತಾಳ ಕೈ ಲಲಿತಾಳನ್ನು ಕೇಳದೆಯೇ ಹಣ್ಣು ತೆಗೆದುಕೊಂಡಿತು, ಸುಲಿಯಿತು, ಮಗಳ ಬಾಯಿಯ ಹತ್ತಿರ ಒಯ್ಯಿತು. ತಿನ್ನು. ಇನ್ನಾ ದೀಪ ಹಚ್ಚಿಲ್ಲ ಯವ್ವಾ. ತಿನ್ನು ಅಂದೆ, ಗುಳಿಗಿ ನುಂಗಬೇಕು, ಹೊಟ್ಟ್ಯಾಗ ಏನರೆ ಇರ್ಲಿ. ತುಟಿ ಬಿಗಿದವು, ಹಣೆಯ ಪಕ್ಕದಲ್ಲಿ ಒಂದು ನರ ಹಾರುತ್ತಿದೆ, ದೀಪ ಹಚ್ಚೋತನಕ ಬಾಯಿಗೆ ಏನೂ ಹಾಕ್ಕೋಬ್ಯಾಡ ಅಂತ ನೀನೇ ಹೇಳಿದ್ದಿ. ಹೌದು, ತಾನೇ ಹೇಳಿದ್ದು, ಅತ್ತೆಗಿಂತ ಜೋರಾಗಿ ಹೇಳಿದ್ದು, ಬಸ್ಸು ಹೊರಟಿತು, ಮಗಳು ಕಷ್ಟಪಟ್ಟು ಒಂದು ಕಣ್ಣು ತೆರೆದಳು, ತಿಂದ್ರ ಪಾಪ ಬರಂಗಿಲ್ಲ ಅಂತ ನೀ ಹೇಳು ಯವ್ವಾ, ನೀ ಹೇಳಿದ್ರ ತಿಂತೀನಿ. ಹೇಳು, ಲಲಿತಾ, ಬರಂಗಿಲ್ಲ ಅನ್ನು, ಒಂದೇ ಮಾತು, ಡಾಕ್ಟರ ಮುಂದೆ ಸುಳ್ಳಿಗೆ ಸರಾಗವಾಗಿ ಹೊರಳಿದ ನಾಲಿಗೆ ಈಗ ಯಾಕೆ ಅಂಟಿಕೊಂಡಿದೆ, ಹೇಳಿದ ಮೇಲೆ ಏನಾದರೂ ಆದರೆ, ಕುರಿಗೆ ಆದರೆ, ಗಂಡನಿಗೆ ಆದರೆ, ಇವಳಿಗೇ ಆದರೆ, ಸಂಜೆ ಅತ್ತೆ ಹುಡುಗಿಯ ಮುಖ ನೋಡಿ ಎಲ್ಲ ತಿಳಿದುಕೊಂಡರೆ, ಬಿಸಿಲು ಹಣೆಯ ಮೇಲೆ ಬಿತ್ತು, ಹೋಯಿತು, ಸೆರಗು ಹಿಡಿಯಲು ಕೈ ಇಲ್ಲ, ಕೈಯಲ್ಲಿ ಹಣ್ಣು, ಮಗಳ ಒಂದು ಕಣ್ಣು ತನ್ನ ಬಾಯಿಯನ್ನೇ ನೋಡುತ್ತಿದೆ, ತನ್ನ ಮುಚ್ಚಿದ ಬಾಯಿಯನ್ನು, ಬೋರಲು ತಾಟು, ಅಂಚಿನಲ್ಲಿ ಹೊಳೆಯುವ ಗೆರೆ, ಕೆಳಗೆ ಸೆಟೆದ ರೊಟ್ಟಿ, ಅತ್ತೆ ಎತ್ತುವುದಿಲ್ಲ, ಮಗಳು ಎತ್ತಲಾರಳು, ತಾನೇ ಎತ್ತಬೇಕಾದ ತಾಟು, ಬೋರಲು ತಾಟು, ತಾಟು —