ಹೊರಸುತ್ತಿನ ಎಂಟು ನಟ್ಟು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ನಮ್ಮ ಬೀದಿಯವರು ನನ್ನ ಬೆನ್ನ ಹಿಂದೆ ನನ್ನನ್ನು ಕರೆಯುವುದೇ ಗುಡುಗಪ್ಪ ಎಂದು. ಮೂವತ್ತೆರಡು ವರ್ಷ ಲೇತ್ ಮಷೀನುಗಳ ಗದ್ದಲದಲ್ಲಿ ಅರಚಿಯೇ ಮಾತಾಡಿದವನಿಗೆ ಮೆತ್ತಗಿನ ದನಿ ಎಲ್ಲಿಂದ ಬರಬೇಕು? ಮನೆಯೊಳಗೆ ನಾನು ಉಪ್ಪು ಕೇಳಿದರೂ ಎದುರುಮನೆಯ ಟೈಲರ್ ಹೊಲಿಗೆ ನಿಲ್ಲಿಸಿ ತಲೆ ಎತ್ತುತ್ತಾನೆ.

ಕೆಲಸದಿಂದ ನಿವೃತ್ತನಾದ ಮೇಲೆ ನಾನು ಸೇನೆಯವರು ಹರಾಜಿಗೆ ಹಾಕಿದ್ದ ಒಂದು ಹಳೇ ಗಾಡಿ ಕೊಂಡೆ. ಚಿಕ್ಕ ಲಾರಿ ಅನ್ನಿ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, ಹಿಂದೆ ಒಂದು ಕೋಣೆಯಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಮೊದಲು ಅದರಲ್ಲಿ ವೈರ್‌ಲೆಸ್ ಯಂತ್ರ ಇತ್ತಂತೆ. ಅಲ್ಲಿ ಎರಡು ಮಂಚ, ಒಂದು ಒಲೆ, ಕೈ ತೊಳೆಯಲು ಒಂದು ಸಿಂಕು ಕೂರಿಸಿ, ಹೆಂಡತಿಯನ್ನು ಕರೆದುಕೊಂಡು ಊರೂರು ಸುತ್ತಬೇಕೆನ್ನುವುದು ನನ್ನ ಆಸೆ. ಈ ಆಸೆಯನ್ನು ಮೊದಲು ಹರಾಜಿನವನಿಗೆ ಹೇಳಿದೆ, ಆಮೇಲೆ ಟೈಲರ್‌ಗೆ ಹೇಳಿದೆ, ಗಾಡಿ ಮನೆಮುಂದೆ ಬಂದು ನಿಂತ ಮೇಲೆ ಹೆಂಡತಿಗೆ ಹೇಳಿದೆ.

"ನನ್ನನ್ನ ಒಂದು ಮಾತು ಕೇಳಿದ್ರಾ?" ಅಂದಳು.

ಕೇಳಿರಲಿಲ್ಲ.

ಐದು ತಿಂಗಳು ನಾನೂ ಆ ಗಾಡಿಯೂ ಒದ್ದಾಡಿದೆವು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ, ಸ್ಟಾರ್ಟರ್ ಮೋಟರನ್ನು ಮರುಸುತ್ತಿಸಿದೆ, ಇಲಿ ಕಡಿದ ವೈರುಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆದೆ. ಇಲ್ಲದ ಸೀಟ್‌ಬೆಲ್ಟು ಹಾಕಿದೆ. ಮಿಣುಕುಹುಳದಂತಿದ್ದ ಹೆಡ್‌ಲೈಟು ತೆಗೆದು ಕಣ್ಣು ಕುಕ್ಕುವಂಥದ್ದನ್ನು ಕೂರಿಸಿದೆ. ಅವಳು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು, ಹೊರಗೆ ಮಾತ್ರ ಬರುತ್ತಿರಲಿಲ್ಲ. ಶಾಲೆಯಲ್ಲಿ ಮೂವತ್ತು ವರ್ಷ ನಿಂತುಕೊಂಡೇ ಚಿತ್ರ ಹೇಳಿಕೊಟ್ಟವಳು. ಈಗ ಎಡ ಮಂಡಿ ಕೈಕೊಟ್ಟಿದೆ. ಕೂತರೆ ಏನಾದರೂ ಹಿಡಿದುಕೊಳ್ಳದೆ ಏಳಲಾಗುವುದಿಲ್ಲ.

ಈ ಗಾಡಿಯ ಚಕ್ರದ ವಿಷಯ ಇಲ್ಲಿ ಹೇಳಲೇಬೇಕು. ಮಾಮೂಲಿ ಗಾಡಿಯ ಚಕ್ರದ ಡಿಸ್ಕು ಒಂದೇ ತುಂಡು. ಸೇನೆಯವರದ್ದು ಎರಡು ತುಂಡು, ಎರಡು ತಟ್ಟೆಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದ ಹಾಗೆ. ಟೈರು ಆ ಎರಡರ ಮೇಲೆ ಕೂತಿರುತ್ತದೆ. ಕಾಡಿನಲ್ಲಿ ಪಂಕ್ಚರ್ ಆದರೆ ಅಂಗಡಿ ಹುಡುಕದೆ ಸೈನಿಕನೇ ಟೈರು ಬಿಚ್ಚಲಿ ಅಂತ ಹೀಗೆ ಮಾಡಿದ್ದಾರೆ. ಅದಕ್ಕೇ ನಟ್ಟುಗಳು ಎರಡು ಸುತ್ತು. ಒಳಸುತ್ತಿನ ಆರು ನಟ್ಟು ಚಕ್ರವನ್ನು ಗಾಡಿಗೆ ಹಿಡಿದಿರುತ್ತವೆ. ಚಕ್ರ ಕಳಚಲು ಬಿಚ್ಚಬೇಕಾದದ್ದು ಅವನ್ನು. ಹೊರಸುತ್ತಿನ ಎಂಟು ನಟ್ಟು ಆ ಎರಡು ತುಂಡುಗಳನ್ನು ಒಂದಕ್ಕೊಂದು ಹಿಡಿದಿರುತ್ತವೆ. ಟೈರಿನಲ್ಲಿ ಗಾಳಿ ಇರುವಾಗ ಅವನ್ನು ಮುಟ್ಟಲೇಬಾರದು. ಮುಟ್ಟಿದರೆ ಒಳಗಿನ ಗಾಳಿ ಎರಡನ್ನೂ ಸಿಡಿಸಿ ಬೇರೆ ಮಾಡುತ್ತದೆ, ಎದುರಿಗಿದ್ದವರ ತಲೆ ಉಳಿಯುವುದಿಲ್ಲ. ಹಾಗಾಗಿ ಆ ಎಂಟಕ್ಕೂ ಸೇನೆಯವರು ಕೆಂಪು ಬಣ್ಣ ಹಚ್ಚಿರುತ್ತಾರೆ. ಹರಾಜಿನ ಅಂಗಳದಲ್ಲಿದ್ದ ಮುದುಕ ಮೆಕ್ಯಾನಿಕ್ ನನಗೆ ಇದನ್ನು ಎರಡು ಸಲ ಹೇಳಿದ, ಎರಡನೆಯ ಸಲ ನನ್ನ ಅಂಗಿಯ ಗುಂಡಿ ಹಿಡಿದುಕೊಂಡು ಹೇಳಿದ. ಗೊತ್ತು ಬಿಡಯ್ಯ ಅಂದೆ.

ನಾನು ಮಾಡಿದ್ದೇನು? ನಾಲ್ಕೂ ಚಕ್ರ ಉಜ್ಜಿ, ಹೊಳೆಯುವ ಕಪ್ಪು ಬಣ್ಣ ಹೊಡೆದೆ. ಆ ಕರಿಯ ಮೈಮೇಲೆ ಎಂಟೆಂಟು ಕೆಂಪು ಚುಕ್ಕೆ ಬೊಕ್ಕೆ ಎದ್ದ ಹಾಗೆ ಕಂಡವು, ಅವಕ್ಕೂ ಕಪ್ಪೇ ಬಳಿದೆ. ಕೆಂಪು ನಾಳೆ ಹಚ್ಚಿದರಾಯಿತು ಅಂದುಕೊಂಡೆ. ನಾಳೆ ಹೋಗಿ ನಾಡಿದ್ದಾಯಿತು, ವಾರವಾಯಿತು. ಸಾಲದು ಅಂತ ಅಂದಕ್ಕಾಗಿ ಪ್ರತಿ ಚಕ್ರದ ನಡುವೆ ಒಂದು ಉಕ್ಕಿನ ಬಟ್ಟಲನ್ನು ಮುಚ್ಚಳದ ಹಾಗೆ ಕೂರಿಸಿದೆ. ಒಳಸುತ್ತಿನ ಆರು ನಟ್ಟು ಅದರ ಕೆಳಗೆ ಮರೆಯಾದವು. ಹೊರಸುತ್ತಿನ ನಟ್ಟುಗಳ ತಿರುಪಿನ ಗೆರೆಗಳಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆಯನ್ನೂ ಬಿಟ್ಟಿದ್ದೆ, ಅದು ಕೆಲಸಗಾರನ ಚಾಳಿ. ಈಗ ನೋಡುವವರ ಕಣ್ಣಿಗೆ ಬೀಳುತ್ತಿದ್ದದ್ದು ಆ ಎಂಟೇ, ಬಿಚ್ಚಲು ಸಲೀಸಾಗಿದ್ದದ್ದೂ ಅವೇ. ನಾನು ಮಾತ್ರ ಟೈಲರ್‌ನನ್ನು ಕರೆದು ತೋರಿಸಿ ಬೀಗಿದೆ.

ಅದೇ ವಾರ ಹೆಂಡತಿ ಮೊದಲ ಸಲ ಹೊರಗೆ ಬಂದು, ನಾನು ಗಾಡಿಯಡಿ ಮಲಗಿದ್ದಾಗ ದೀಪ ಹಿಡಿದಳು. ನಾನು ಹತ್ತೊಂಬತ್ತರ ಸ್ಪ್ಯಾನರ್ ಕೇಳಿದೆ, ಅವಳು ಹದಿನೇಳರದ್ದು ಕೊಟ್ಟಳು. ನಾನು ಅರಚಿದೆ. ನಿನ್ನ ತಲೆಗೆ ಇದು ಹತ್ತಲ್ಲ, ಒಳಗೆ ಹೋಗು ಅಂದೆ. ಟೈಲರ್ ಇದ್ದ, ಅವನ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವಳು ದೀಪವನ್ನು ನೆಲದ ಮೇಲಿಟ್ಟು, ಕೈ ಒರೆಸಿಕೊಂಡು ಒಳಗೆ ಹೋದಳು. ಆಮೇಲೆ ಹನ್ನೊಂದು ದಿನ ನಮ್ಮಿಬ್ಬರ ನಡುವೆ ಊಟ ಆಯಿತಾ, ಬಾಗಿಲು ಹಾಕಿದ್ದಾಯಿತಾ ಅನ್ನುವಷ್ಟೇ ಮಾತು. ಚಕ್ರದ ವಿಷಯ ಅವಳಿಗೆ ಹೇಳುವ ಸಂದರ್ಭವೇ ಬರಲಿಲ್ಲ, ಅಥವಾ ನಾನು ತರಲಿಲ್ಲ.

ಹನ್ನೆರಡನೆಯ ದಿನ ಬುಧವಾರ. ಬೆಳಿಗ್ಗೆ ಟೈಲರ್‌ ಹತ್ತಿರ ಗೊಣಗಿದ್ದೆ: ಬ್ರೇಕಿನ ಲೈನರ್ ಬಂದಿದೆ, ಮುಂದಿನ ಎಡಚಕ್ರ ಕಳಚಬೇಕು, ಸೊಂಟ ಹಿಡಿದಿದೆ, ನಾಳೆ ನೋಡೋಣ ಅಂತ. ನನ್ನ ಗೊಣಗಾಟ ಅಡುಗೆಮನೆಯ ಕಿಟಕಿಗೆ ಕೇಳದೇ ಇರುತ್ತದೆಯೇ? ಮಧ್ಯಾಹ್ನ ನಾನು ಹಿಂದಿನ ಪೆಟ್ಟಿಗೆಯೊಳಗೆ ಕೂತು ದೀಪಕ್ಕೆ ವೈರು ಕೊಡುತ್ತಿದ್ದೆ. ಹೊರಗೆ ಎಲ್ಲೋ ಲೋಹದ ಬಟ್ಟಲಿಗೆ ಏನೋ ಬಿದ್ದು ಟಣ್ ಅಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮೂರನೆಯದು ಬಿದ್ದಾಗ ಅದು ನಟ್ಟಿನ ಸದ್ದು ಅಂತ ಕಿವಿಗೆ ಗೊತ್ತಾಯಿತು.

ಇಳಿದು ಗಾಡಿಯ ಮಗ್ಗುಲಿಗೆ ಬಂದೆ. ಅವಳು ನನ್ನ ಹಳೇ ಕೆಲಸದ ಅಂಗಿ ಹಾಕಿಕೊಂಡು, ಮಣೆಯ ಮೇಲೆ, ಚಕ್ರವನ್ನು ಎರಡು ಮಂಡಿಗಳ ನಡುವೆ ಇಟ್ಟುಕೊಂಡು ಕೂತಿದ್ದಳು. ಜಾಕು ಸರಿಯಾದ ಜಾಗದಲ್ಲಿ ಕೊಟ್ಟಿದ್ದಳು. ಹಿಂದಿನ ಚಕ್ರಕ್ಕೆ ಮರದ ತುಂಡು ಅಡ್ಡ ಇಟ್ಟಿದ್ದಳು. ಕಿಟಕಿಯಿಂದ ನೋಡಿಯೇ ಎಲ್ಲ ಕಲಿತಿದ್ದಳು, ಒಂದೂ ತಪ್ಪಿಲ್ಲ. ಹೊರಸುತ್ತಿನ ಮೂರು ನಟ್ಟು ಪಕ್ಕದಲ್ಲಿಟ್ಟಿದ್ದ ಅಡುಗೆಮನೆಯ ಬಟ್ಟಲಲ್ಲಿದ್ದವು. ನಾಲ್ಕನೆಯದಕ್ಕೆ ಸ್ಪ್ಯಾನರ್ ಹಾಕಿ, ಅದಕ್ಕೆ ಉದ್ದದ ಪೈಪು ತೊಡಿಸಿ, ಮೈಭಾರ ಬಿಟ್ಟು ಒತ್ತುತ್ತಿದ್ದಳು. ಮೂರು ನಟ್ಟು ಹೋದ ಕಡೆ ಎರಡು ತುಂಡುಗಳು ಬಾಯಿಬಿಟ್ಟಿದ್ದವು. ಆ ಸಂದಿನಲ್ಲಿ ಒಂದು ನಾಣ್ಯ ತೂರುತ್ತಿತ್ತು. ಒಳಗಿನ ರಬ್ಬರ್ ಕಾಣುತ್ತಿತ್ತು.

ಕೂಗು ಗಂಟಲಿನವರೆಗೆ ಬಂತು. ಬೆಚ್ಚಿಬಿದ್ದು ಕೈ ಜಗ್ಗಿದಳೆಂದರೆ ಮುಗಿಯಿತು ಅನ್ನಿಸಿ ಅದನ್ನು ನುಂಗಿದೆ. ನುಂಗುವಾಗ ನೋವಾಯಿತು, ಸುಳ್ಳಲ್ಲ.

"ಕೇಳು," ಅಂದೆ. "ಸ್ಪ್ಯಾನರ್‌ನಿಂದ ಕೈ ತೆಗಿ. ನಿಧಾನಕ್ಕೆ."

ಅವಳು ತಿರುಗಲಿಲ್ಲ. "ಯಾಕೆ, ಇದೂ ತಪ್ಪು ಸೈಜಾ?"

"ಸೈಜು ಸರಿ ಇದೆ. ಕೈ ತೆಗಿ, ಸಾಕು."

ಆಗ ತಿರುಗಿ ನನ್ನ ಮುಖ ನೋಡಿದಳು. "ಏನಾಯ್ತು ನಿಮಗೆ? ಹುಷಾರಿಲ್ವಾ? ಇಷ್ಟು ಮೆತ್ತಗೆ ಮಾತಾಡ್ತಿದ್ದೀರಲ್ಲ."

"ಹುಷಾರಾಗೇ ಇದ್ದೀನಿ. ಕೈ ತೆಗಿ ಮಾರಾಯ್ತಿ."

ತೆಗೆದಳು. ಸ್ಪ್ಯಾನರ್ ನಟ್ಟಿಗೇ ಕಚ್ಚಿಕೊಂಡಿತು. ಪೈಪಿನ ಭಾರ ಬಿಚ್ಚುವ ದಿಕ್ಕಿಗೇ ಎಳೆಯುತ್ತಿತ್ತು. ಅದರ ತುದಿ ಒಂದು ಬೆರಳಿನಷ್ಟು ಕೆಳಗಿಳಿದು ನಿಂತದ್ದನ್ನು ಕಣ್ಣಾರೆ ನೋಡಿದೆ. ಅವಳು ಏಳಲೆಂದು ಚಕ್ರದ ಕಡೆಗೆ ಕೈ ಚಾಚಿದಳು.

"ಚಕ್ರ ಹಿಡ್ಕೋಬೇಡ. ನಾನು ಎಬ್ಬಿಸ್ತೀನಿ."

"ನಿಮ್ಮ ಸೊಂಟ..."

"ಸೊಂಟ ಹಾಳಾಗಿಹೋಗ್ಲಿ."

ಹಿಂದಿನಿಂದ ಹೋಗಿ ಅವಳ ಕಂಕುಳಡಿ ಎರಡೂ ಕೈ ಕೊಟ್ಟು ಎತ್ತಿದೆ. ಸೊಂಟದಲ್ಲಿ ಸಲಾಕೆ ಚುಚ್ಚಿದ ಹಾಗಾಯಿತು. ಅವಳ ಕಾಲು ಮಣೆಗೆ ತಾಗಿ ಮಣೆ ಉರುಳಿತು, ಉರುಳಿದ ಮಣೆ ಪೈಪಿಗೆ ಬಡಿಯಿತು. ಚಕ್ರದೊಳಗಿಂದ ಟಕ್ ಅಂತ ಒಂದು ಸದ್ದು ಬಂತು. ಇಬ್ಬರೂ ಕಂಬದ ಹಾಗೆ ನಿಂತೆವು. ಏನೂ ಆಗಲಿಲ್ಲ. ಅವಳನ್ನು ಎಳೆದುಕೊಂಡು ಗಾಡಿಯ ಹಿಂಬದಿಗೆ ಹೋದೆ. ಬಗ್ಗಿ ನೋಡಿದರೆ ಸಂದಿನಲ್ಲಿ ಈಗ ಎರಡು ನಾಣ್ಯ ತೂರುವಂತಿತ್ತು.

ಟೈಲರ್ ಬಾಗಿಲಿಗೆ ಬಂದಿದ್ದ. "ಏನ್ ಸಾರ್, ಇವತ್ತು ದನೀನೇ ಇಲ್ಲ?"

"ಒಳಗೆ ಹೋಗಿ ಬಾಗಿಲು ಹಾಕ್ಕೋ. ಅಲ್ಲ, ಬೇಡ. ಹಿಂಬಾಗಿಲಿಂದ ಹೋಗಿ ಬೀದಿಯ ಆ ತುದೀಲಿ ನಿಂತ್ಕೋ, ಯಾರನ್ನೂ ಈ ಕಡೆ ಬಿಡಬೇಡ. ಶಾಲೆ ಬಿಡೋ ಹೊತ್ತು."

"ಯಾಕೆ, ಬಾಂಬ್ ಇಟ್ಟಿದ್ದೀರಾ?"

"ಹೆಚ್ಚು ಕಡಿಮೆ."

ಅವನು ನನ್ನ ಮುಖ ನೋಡಿ ಮರುಮಾತಾಡದೆ ಓಡಿದ. ಮಕ್ಕಳು ಬರಲು ಹತ್ತು ನಿಮಿಷವೂ ಇರಲಿಲ್ಲ. ಚಕ್ರದ ಮುಖ ಇದ್ದದ್ದು ಬೀದಿಯ ಕಡೆಗೆ. ಕಾಯುವಂತಿರಲಿಲ್ಲ. ನಾನು ಹೆಜ್ಜೆ ತೆಗೆದಾಗ ಅವಳು ನನ್ನ ತೋಳು ಹಿಡಿದಳು.

"ಎಲ್ಲಿಗೆ?"

"ಗಾಳಿ ಬಿಡಬೇಕು. ಅಲ್ಲಿವರೆಗೆ ಅದು ಯಾವ ಕ್ಷಣದಲ್ಲಿ ಸಿಡಿಯತ್ತೋ ಗೊತ್ತಿಲ್ಲ."

"ಹೋಗ್ಬೇಡಿ. ಯಾರನ್ನಾದ್ರೂ ಕರೆಸೋಣ."

"ಕರೆಸಿದವನಿಗೂ ಮನೇಲಿ ಹೆಂಡತಿ ಇರ್ತಾಳೆ. ಬಿಡು."

ಬಿಟ್ಟಳು. ನಾನು ಚಕ್ರದ ಎದುರಿಗೆ ಹೋಗದೆ, ಗಾಡಿಯ ಮೂತಿಯ ಕಡೆಯಿಂದ ನೆಲಕ್ಕೆ ಹೊಟ್ಟೆಹಚ್ಚಿ ತೆವಳಿದೆ. ಮೊದಲು ಸ್ಪ್ಯಾನರನ್ನು ಎತ್ತಬೇಕಿತ್ತು. ಎಡಗೈ ಮಾತ್ರ ಚಾಚಿ, ಪೈಪಿನ ಭಾರವನ್ನು ಅಂಗೈಯಲ್ಲಿ ಹೊತ್ತು, ನಟ್ಟಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೊರಗೆಳೆದೆ. ಬಂತು. ನೆಲಕ್ಕಿಟ್ಟೆ. ಆಮೇಲೆ ವಾಲ್ವು. ಪುಣ್ಯಕ್ಕೆ ಅದು ಕೆಳಗಡೆಗೇ ಇತ್ತು. ಮುಚ್ಚಳ ಬಿಚ್ಚಿ, ಒಳಗಿನ ಪಿನ್ನು ತೆಗೆಯುವ ಚಿಕ್ಕ ಚಾವಿ ತೂರಿಸಿ ತಿರುಗಿಸಿದೆ. ಬೆರಳು ಬೆವತು ಜಾರುತ್ತಿತ್ತು. ಮೂರನೆಯ ಸಲಕ್ಕೆ ಪಿನ್ನು ಸಿಡಿದು ಎಲ್ಲೋ ಹಾರಿತು, ಗಾಳಿ ಬುಸ್ಸೆಂದು ನುಗ್ಗಿತು. ಕೈ ಹಿಂದಕ್ಕೆಳೆದು ಮುಖವನ್ನು ನೆಲಕ್ಕೊತ್ತಿ ಮಲಗಿದೆ.

ಅಷ್ಟು ದೊಡ್ಡ ಟೈರು ಖಾಲಿಯಾಗಲು ನಾಲ್ಕೈದು ನಿಮಿಷ ಬೇಕು. ನಡುನಡುವೆ ಉಕ್ಕು ಟಿಕ್ ಟಿಕ್ ಅನ್ನುತ್ತಿತ್ತು. ಗಾಡಿಯ ಆ ತುದಿಯಿಂದ ಅವಳ ದನಿ ಬಂತು.

"ನಾನೇನು ತಪ್ಪು ಮಾಡಿದೆ, ಅದನ್ನಾದ್ರೂ ಹೇಳಿ."

ನೆಲಕ್ಕೆ ಕೆನ್ನೆ ಹಚ್ಚಿಕೊಂಡೇ ಹೇಳಿದೆ. ಎರಡು ತುಂಡಿನ ಚಕ್ರ, ಒಳಸುತ್ತು, ಹೊರಸುತ್ತು, ಎಲ್ಲ. ಆ ಎಂಟೂ ಕೆಂಪಗಿದ್ದವು, ಮುಟ್ಟಬೇಡ ಅಂತ ಅರ್ಥ. ಅಂದ ಕೆಡುತ್ತೆ ಅಂತ ನಾನೇ ಕಪ್ಪು ಬಳಿದೆ. ಬಿಚ್ಚಬೇಕಾದ ನಟ್ಟುಗಳ ಮೇಲೆ ನಾನೇ ಬಟ್ಟಲು ಮುಚ್ಚಿದೆ. ಆ ಮುದುಕ ಎರಡು ಸಲ ಹೇಳಿದ್ದ. ನನಗೆ ಗೊತ್ತಿತ್ತು, ನಿನಗೆ ಹೇಳಲಿಲ್ಲ. ನೀನು ತಪ್ಪು ಮಾಡಿಲ್ಲ. ಇಷ್ಟನ್ನೂ ಗಾಳಿಯ ಸದ್ದಿನ ಮೇಲೆ ಹೇಳಬೇಕಾದರೂ ನನ್ನ ದನಿ ಏರಲಿಲ್ಲ. ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು.

ಬುಸುಗುಟ್ಟುವುದು ಸಣ್ಣಗಾಗಿ ನಿಂತಿತು. ಹೆಬ್ಬೆರಳಿನಿಂದ ಟೈರಿನ ಮಗ್ಗುಲನ್ನು ಒತ್ತಿದೆ, ಒಳಕ್ಕೆ ಹೋಯಿತು. ಎದ್ದು ಕೂತು ಟೈಲರ್‌ಗೆ ಕೈ ಬೀಸಿದೆ. ಅವನ ಹಿಂದೆ ಸಾಲುಗಟ್ಟಿದ್ದ ಮಕ್ಕಳು ಗಲಾಟೆ ಮಾಡುತ್ತಾ ನಮ್ಮನ್ನು ದಾಟಿ ಹೋದರು. ಅವಳು ನಿಧಾನವಾಗಿ ಬಂದು, ಮಣೆಯನ್ನು ನೆಟ್ಟಗೆ ಮಾಡಿ, ಚಕ್ರದ ಎದುರು ಕೂತಳು.

"ಆ ನಾಲ್ಕನೇದು ಎಷ್ಟು ಬಾಕಿ ಇತ್ತು?"

ಸುಳ್ಳು ಹೇಳಬಹುದಿತ್ತು, ಹೇಳದೆ ತೋರಿಸಿಯೇಬಿಟ್ಟೆ. ಸ್ಪ್ಯಾನರ್ ಬೇಕಾಗಲೇ ಇಲ್ಲ. ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿದೆ. ಒಂದು ಸುತ್ತು ಪೂರ್ತಿಯಾಗುವ ಮೊದಲೇ ನಟ್ಟು ಅಂಗೈಗೆ ಬಿತ್ತು. ಅದರ ಪಕ್ಕದ ಎರಡು ಬೋಲ್ಟುಗಳು ಆಗಲೇ ಸೊಟ್ಟಗಾಗಿದ್ದವು. ಇದೂ ಹೋಗಿದ್ದರೆ ಉಳಿದವು ತಡೆಯುತ್ತಿರಲಿಲ್ಲ. ಅವಳ ಮುಖ ಇದ್ದದ್ದು ಅದರಿಂದ ಒಂದು ಮೊಳ ದೂರದಲ್ಲಿ.

ಅವಳು ನಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ನೀವು ಹಿಂದಿನಿಂದ ಇಳಿದಿದ್ದು ನನಗೆ ಕೇಳಿಸ್ತು," ಅಂದಳು. "ಬಂದು ನನ್ನ ಹಿಂದೆ ನಿಂತಿದ್ದೂ ಗೊತ್ತಾಯ್ತು. ಈಗ ಕೂಗ್ತಾರೆ ಅಂತ ಕಾಯ್ತಾ ಇದ್ದೆ. ಕೂಗಿದ ತಕ್ಷಣ ಜೋರಾಗಿ ಒಂದು ಸಲ ಒತ್ತಿ, ಇದನ್ನ ಬಿಚ್ಚಿ ನಿಮ್ಮ ಕೈಗೆ ಕೊಟ್ಟು, ಒಳಗೆ ಹೋಗ್ಬೇಕು ಅಂದ್ಕೊಂಡಿದ್ದೆ."

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ನಟ್ಟು ಹಿಡಿದಿದ್ದ ಅವಳ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ.