ಕಾರ್ಡಿನಲ್ಲಿ ಇಲ್ಲದ ಪ್ರಶ್ನೆ

ರಾಯಚೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ, ರೋಗಿಯ ಜೊತೆ ಹೇಗೆ ಮಾತಾಡಬೇಕೆಂದು ಕಲಿಸುವವಳು ನಾನು. ಹನ್ನೊಂದು ವರ್ಷವಾಯಿತು. ನಗುವುದಕ್ಕೆ ಒಂದು ಅಂಕ, ಹೆಸರು ಹೇಳಿಕೊಳ್ಳುವುದಕ್ಕೆ ಒಂದು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದಕ್ಕೆ ಎರಡು. ಹೀಗೆ ಒಟ್ಟು ಹತ್ತು. ನಗದವರಿಗೆ ನಾನು ಅರ್ಧ ಅಂಕವನ್ನೂ ಬಿಟ್ಟುಕೊಟ್ಟಿಲ್ಲ. ನಾನು ನಗುವುದು ಕಡಿಮೆಯೇ, ಆದರೆ ಪರೀಕ್ಷೆ ನನ್ನದಲ್ಲವಲ್ಲ.

ಪರೀಕ್ಷೆಗೆ ಒಬ್ಬ ರೋಗಿ ಬೇಕು. ನಿಜವಾದ ರೋಗಿಗಳು ಹೇಳಿದಂತೆ ಕೇಳುವುದಿಲ್ಲ. ಅದಕ್ಕೇ ಕಾಲೇಜಿನ ಕಸ ಗುಡಿಸುವ ಹೀರಾಬಿಯನ್ನು ಕೂರಿಸುತ್ತೇವೆ. ಅವಳು ಏನು ಹೇಳಬೇಕೆಂದು ಕಾರ್ಡಿನಲ್ಲಿ ಬರೆದು, ಓದಿ, ಬಾಯಿಪಾಠ ಮಾಡಿಸಿರುತ್ತೇನೆ. ಈ ಸಲ ಅವಳು ಬಿ.ಪಿ. ರೋಗಿ. "ತಲಿ ತಿರಗ್ತದ್ರಿ, ಕೈಕಾಲು ಸೋತಾವ್ರಿ" ಎನ್ನಬೇಕು, ಅಷ್ಟೇ.

ರಮಜಾನ್ ತಿಂಗಳು. ಹನ್ನೊಂದು ಗಂಟೆಯ ಹೊತ್ತಿಗೆ ಮೂವರ ಸರದಿ ಮುಗಿದಿತ್ತು. ಮೂವರೂ ನಕ್ಕರು, ಹೆಸರು ಹೇಳಿದರು, ಉಪ್ಪು ಕಡಿಮೆ ಮಾಡಿ ಎಂದರು. ಹತ್ತಕ್ಕೆ ಹತ್ತು ಕೊಟ್ಟೆ. ಹೀರಾಬಿಯೂ ಎಂದಿಗಿಂತ ಚೆನ್ನಾಗಿ ನಟಿಸುತ್ತಿದ್ದಳು. ಮೂರನೆಯವನ ಹೊತ್ತಿಗೆ ಮಾತು ತೊದಲುತ್ತಿತ್ತು, ಹಣೆ ಬೆವರುತ್ತಿತ್ತು. ಪರವಾಗಿಲ್ಲ, ಇಷ್ಟು ವರ್ಷಕ್ಕಾದರೂ ಕಲಿತಳು ಅಂದುಕೊಂಡೆ.

ನಾಲ್ಕನೆಯವಳು ಮಾನ್ವಿ ತಾಲೂಕು ಹಿರೇಕೊಟ್ನೆಕಲ್‌ನ ಮಲ್ಲೇಶ್ವರಿ. ಇದೇ ಪರೀಕ್ಷೆಯಲ್ಲಿ ಎರಡು ಸಲ ನನ್ನ ಕೈಯಲ್ಲೇ ಫೇಲಾದವಳು. ಪಾಸಾದರೆ ಕೆಲಸ ಕೊಡುತ್ತೇವೆಂದು ದೇವದುರ್ಗದ ಔಷಧಿ ಅಂಗಡಿಯೊಂದರವರು ಕಾದಿದ್ದರು. ಈ ಸಲವೂ ಹೋದರೆ ಆ ಕೆಲಸವೂ ಹೋದಂತೆ. ಅವಳ ದೋಷ ಒಂದೇ. ರೋಗಿಯ ಮುಖ ನೋಡುವುದಿಲ್ಲ, ಕೈ ನೋಡುತ್ತ ಕೂರುತ್ತಾಳೆ. "ಮುಖಾ ನೋಡಿ ಮಾತಾಡವಾ, ಬಳಿ ಎಣಸಾಕ ಬಂದಿಯೇನು?" ಎಂದು ಎಷ್ಟು ಸಲ ಬೈದಿದ್ದೇನೋ.

ಬಂದಳು, ಕೂತಳು. ನಗಲಿಲ್ಲ. ಹೆಸರು ಹೇಳಲಿಲ್ಲ. ಮತ್ತೆ ಕೈಯನ್ನೇ ನೋಡಿದಳು. ನನಗೆ ರೇಗಿತು. ಸೊನ್ನೆ ಹಾಕುತ್ತ ಹೋದೆ.

"ಚಾಚಿ, ನಸುಕಿನ್ಯಾಗ ಏನು ಉಂಡೀರಿ?" ಎಂದಳು.

"ಅದು ಕಾರ್ಡಿನಾಗ ಇಲ್ಲವಾ," ಎಂದಳು ಹೀರಾಬಿ.

"ಕಾರ್ಡ್ ಬಿಡ್ರಿ. ಕೈ ನಡಗಾಕತ್ತಾವ."

"ಎಚ್ಚರ ಆಗ್ಲಿಲ್ಲ. ಅಜಾನ್ ಆಗೂದ್ರಾಗ ಸಕ್ಕರಿ ಜಡ್ಡಿನ ಗುಳಗಿ ಅಷ್ಟ ನುಂಗಿ ನೀರು ಕುಡದೆ."

ಮಲ್ಲೇಶ್ವರಿ ಎದ್ದು, ನನ್ನ ಚಹಾಕ್ಕೆಂದು ಇಟ್ಟಿದ್ದ ಸಕ್ಕರೆಯನ್ನು ನನ್ನನ್ನು ಒಂದು ಮಾತೂ ಕೇಳದೆ ನೀರಿಗೆ ಸುರಿದು ಕದಡಿದಳು. ಹೀರಾಬಿ ಮುಖ ತಿರುಗಿಸಿದಳು.

"ಹದಿನೆಂಟು ರೋಜಾ ಹಿಡದೀನಿ. ಉಪಾಸ ಮುರಸಬ್ಯಾಡ."

"ಜಡ್ಡಿನವ್ರು ಈಗ ಬಿಟ್ಟು ಮುಂದ ಹಿಡದು ತೀರಸ್ತಾರಂತಲ್ಲ, ಚಾಚಿ."

"ನೀ ಏನು ಮೌಲ್ವಿಯೇನು?"

"ಅಲ್ರಿ. ಬರೇ ಹೊಟ್ಟ್ಯಾಗ ಗುಳಗಿ ನುಂಗಿ ಮೈಯಾಗಿನ ಸಕ್ಕರಿ ಪೂರಾ ಇಳದದ, ನನಗ ಅಂಜಿಕಿ ಆಗಾಕತ್ತದ. ಕುಡೀರಿ."

ಹೀರಾಬಿ ಅಳುತ್ತಲೇ ಕುಡಿದಳು. ಕಾಲು ಗಂಟೆಯಲ್ಲಿ ನಡುಕ ನಿಂತಿತು. ಅಷ್ಟು ಹೊತ್ತೂ ಮಲ್ಲೇಶ್ವರಿ ಆ ಕೈ ಬಿಟ್ಟಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ಮೇಡಂ, ನಂದು ಇನ್ನೂ ಶುರುನ ಆಗಿಲ್ರಿ. ಈಗ ಹೆಸರು ಹೇಳ್ಲೇನ್ರಿ?"

"ಮುಗೀತು, ಹೋಗು," ಎಂದೆ.

ಅವಳ ಮುಖ ಸಣ್ಣದಾಯಿತು. ಫೇಲಾದೆನೆಂದೇ ತಿಳಿದು ಬಾಗಿಲ ತನಕ ಹೋದಳು. ಹೆಸರು ಹಿಡಿದು ಕರೆದೆ. ಸೊನ್ನೆಗಳನ್ನೆಲ್ಲ ಹೊಡೆದುಹಾಕಿ, ಹತ್ತು ಎಂದು ಬರೆದು, ಹಾಳೆ ಎತ್ತಿ ತೋರಿಸಿದೆ. ಆಗ ನಕ್ಕಳು.

ಅವಳು ಹೋದ ಮೇಲೆ ಆ ಮೂವರ ಅಂಕ ಕತ್ತರಿಸಲೆಂದು ಪೆನ್ನು ಎತ್ತಿದೆ. ಅವರು ಹೀರಾಬಿಯ ಎದುರು ತಲಾ ಹತ್ತು ನಿಮಿಷ ಕೂತಿದ್ದರು. ನಾನು ಬೆಳಿಗ್ಗೆಯಿಂದ ಕೂತಿದ್ದೆ. ಅವಳ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ತಿಂಗಳು ತಿಂಗಳು ತಂದುಕೊಡುವವಳೂ ನಾನೇ.