ಆಲಿವ್ ತಟ್ಟೆಯ ಪ್ರಶ್ನೆ

ಹನಾದಿಗೆ ಭಯ ಹತ್ತಿದ್ದು ಒಂದು ತಟ್ಟೆ ಆಲಿವ್ ಕಾಯಿ ನೋಡಿ.

ಆ ಚಿತ್ರ ಅವಳೇ ಬರೆಸಿದ್ದು. ತಟ್ಟೆಯಲ್ಲಿ ಎಷ್ಟು ಕಾಯಿಗಳಿವೆ, ಎಣಿಸು ಎಂಬುದು ಒಂದನೇ ತರಗತಿಯ ಪ್ರಶ್ನೆ. ಈಗ ಅದು ಬಂದು ಕೂತಿದ್ದು ಆರನೇ ತರಗತಿಯ ಜೂದ್ ಎಂಬ ಹುಡುಗಿಯ ಪರದೆಯ ಮೇಲೆ. ಬೆಳಗ್ಗೆ ಚಹಾ ಕೊಡುವಾಗ ಮುಖ್ಯೋಪಾಧ್ಯಾಯಿನಿ ಉಮ್ಮ್ ಸೈಫ್, ಕರಕ್ ಸೀಮೆಯಲ್ಲೇ ಗಣಿತದಲ್ಲಿ ಇವಳನ್ನು ಮೀರಿಸುವವರಿಲ್ಲ ಎಂದು ಕೊಚ್ಚಿಕೊಂಡಿದ್ದಳಲ್ಲ, ಅದೇ ಹುಡುಗಿ. ಜೂದ್ ಅಳುತ್ತಿರಲಿಲ್ಲ. ತಟ್ಟೆಯನ್ನೇ ನೋಡುತ್ತಿದ್ದಳು. ಶಾಲಿನ ಅಂಚಿನಿಂದ ಇಣುಕಿದ್ದ ಕಿವಿ ಮಾತ್ರ ಕೆಂಪಗಾಗಿತ್ತು.

ಹನಾದಿ ರಾಜಧಾನಿ ಅಮ್ಮಾನ್‌ನಿಂದ ಬಂದವಳು. ದೇಶದ ಶಾಲೆಗಳಿಗೆಲ್ಲ ಒಂದೇ ಕಂಪ್ಯೂಟರ್ ಪರೀಕ್ಷೆ ತಯಾರಿಸುವ ಕೆಲಸ ಅವಳದು. ಮಗುವಿನ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಆರಿಸುವ ಪರೀಕ್ಷೆ ಅದು. ಸರಿಯಾದರೆ ಕಷ್ಟದ್ದು, ತಪ್ಪಾದರೆ ಸುಲಭದ್ದು, ಮತ್ತೂ ತಪ್ಪಾದರೆ ಮತ್ತೂ ಸುಲಭದ್ದು, ಹೀಗೆ ಇಳಿದಿಳಿದು ಒಂದನೇ ತರಗತಿಯ ತನಕ. ಕಚೇರಿಯಲ್ಲಿ ಕೂತು ಯೋಚಿಸಿದವರಿಗೆ ಇದು ಭಾರಿ ಕರುಣೆಯ ಏರ್ಪಾಡಾಗಿ ಕಂಡಿತ್ತು. ಮಕ್ಕಳೇನು ದಡ್ಡರೇ? ಹೋದ ವಾರ ಪಕ್ಕದೂರಿನಲ್ಲಿ ಪರೀಕ್ಷೆ ಮುಗಿಯುತ್ತಿದ್ದಂತೆ ಈ ಊರಿಗೆ ಸುದ್ದಿ ಮುಟ್ಟಿತ್ತು: ಆಲಿವ್ ತಟ್ಟೆ ಬಂದವಳು ಕತ್ತೆ.

ನಿಜ ಹೇಳಬೇಕೆಂದರೆ ಈ ಪರೀಕ್ಷೆ ಲೆಕ್ಕಕ್ಕೇ ಇರಲಿಲ್ಲ. ಪ್ರಶ್ನೆಗಳು ಸರಿಯಿವೆಯೇ ಎಂದು ನೋಡುವ ಬರೀ ಪ್ರಯೋಗ. ಅದನ್ನು ಮಕ್ಕಳಿಗೆ ಹೇಳಬೇಡಿ ಎಂದವಳೂ ಹನಾದಿಯೇ. ಹೇಳಿದರೆ ಬೇಕಾಬಿಟ್ಟಿ ಒತ್ತಿ ಎದ್ದು ಹೋಗುತ್ತಾರೆ, ಪ್ರಯೋಗ ಹಾಳಾಗುತ್ತದೆ ಎಂಬುದು ಅವಳ ಕಸುಬಿನ ಬುದ್ಧಿ. ಉಮ್ಮ್ ಸೈಫ್ ಅದಕ್ಕೆ ಇನ್ನಷ್ಟು ಒಗ್ಗರಣೆ ಹಾಕಿ, ಪಟ್ಟಣದ ಪ್ರತಿಭಾ ಶಾಲೆಯ ಸೀಟು ಇದರ ಮೇಲೇ ನಿಂತಿದೆ ಎಂದು ಹುಡುಗಿಯರಿಗೆ ಹೇಳಿಬಿಟ್ಟಿದ್ದಳು.

ಬೆಳಗ್ಗೆ ಇನ್ನೊಂದು ಮಾತೂ ಆಗಿತ್ತು. ಜೂದಳ ಸೋದರತ್ತೆ ಇಬ್ತಿಹಾಲ್ ಇದೇ ಶಾಲೆಯ ಗಣಿತದ ಟೀಚರು. ಹಿಂದಿನ ಸಾಲಿನ ದೀಮಾ, "ಇವತ್ತು ಅತ್ತೆ ಒಳಗೆ ಬರೋ ಹಾಗಿಲ್ವಂತೆ ಕಣೇ. ಪಾಪ, ನಿಂಗೆ ಮಾರ್ಕ್ಸ್ ಕೊಡೋರ್ಯಾರು?" ಎಂದು ಚುಚ್ಚಿದ್ದಳು. ತರಗತಿಯೆಲ್ಲ ಕಿಸಕ್ಕೆಂದಿತು. ಹನಾದಿ ಮುಂದೆ ಬಂದು, "ಈ ಕಂಪ್ಯೂಟರ್‌ಗೆ ಅತ್ತೆ ಮಾವ ಯಾರೂ ಇಲ್ಲ. ಯಾರ ವಶೀಲಿಯೂ ಇದರ ಹತ್ರ ನಡೆಯಲ್ಲ. ಇದು ತಪ್ಪೂ ಮಾಡಲ್ಲ, ಸುಳ್ಳೂ ಹೇಳಲ್ಲ" ಎಂದಳು. ಆಗ ಜೂದ್ ತಲೆಯೆತ್ತಿ ನಕ್ಕಿದ್ದಳು. ಇಷ್ಟು ವರ್ಷ ಇದಕ್ಕೇ ಕಾದಿದ್ದವಳ ನಗು ಅದು.

ಈಗ ಅದೇ ಜೂದ್ ಕೈಯೆತ್ತಿದಳು. "ಮಿಸ್, ಹೊರಗೆ ಹೋಗಿ ಬರ್ಲಾ?"

ಹನಾದಿ ಹೂಂ ಎಂದಳು. ಹೂಂ ಎಂದಾದ ಮೇಲೆ ಹಿಂದಿನಿಂದ ದೀಮಾ ರಾಗ ತೆಗೆದಳು. "ಮಿಸ್, ಇದೇನ್ ಮಿಸ್, ಯೂನಿವರ್ಸಿಟಿ ಪ್ರಶ್ನೆ ಥರ ಇದೆ! ಕಣ್ಣುಮುಚ್ಚಿ ಒತ್ತಿದ್ದಕ್ಕೇ ಹೀಗೆ. ನಾನ್ ಯಾವಾಗಿಂದ ಇಷ್ಟು ಜಾಣೆ ಆದೆ?"

ಹನಾದಿ ಸಾಲುಗಳ ನಡುವೆ ಓಡಾಡಿ ನೋಡಿದಳು. ಜಾಣೆಯರ ಪರದೆಯ ಮೇಲೆಲ್ಲ ಆಲಿವ್ ತಟ್ಟೆ. ಬಾಗಿಲಾಚೆ ಹೋಗಿ ಕಚೇರಿಯ ತಂತ್ರಜ್ಞ ಮುತಸಿಂಗೆ ಫೋನ್ ಹಚ್ಚಿದಳು.

"ಸಂಖ್ಯಾರೇಖೆಗಳನ್ನೇನಾದ್ರೂ ಮುಟ್ಟಿದ್ಯೇನೋ?"

"ನಿನ್ನೆನೇ ನೆಟ್ಟಗೆ ಮಾಡ್ದೆ ಅಕ್ಕಾ. ಅರಬ್ಬಿ ಪರದೆ ಜೊತೆ ಅವೂ ಬಲದಿಂದ ಎಡಕ್ಕೆ ತಿರುಗಿಕೊಂಡಿದ್ವಲ್ಲ. ಒಂದು ಶಹಭಾಸ್ ಆದ್ರೂ ಅನ್ನಿ."

ಅಂಕಿಗಳನ್ನು ಸಾಲಾಗಿ ಗುರುತಿಸಿದ ಆ ರೇಖೆ ತಿರುಗಿಕೊಂಡಿದ್ದನ್ನು ಹನಾದಿಯೂ ಕಂಡಿದ್ದಳು. ಮುತಸಿಂಗೆ ಹೇಳಿ ಮಾಡಿಸುವಷ್ಟು ವ್ಯವಧಾನವಿಲ್ಲದೆ, ತಿರುಗಿದ ರೇಖೆಗೆ ಹೊಂದುವಂತೆ ಸರಿಯುತ್ತರದ ಗುರುತನ್ನೇ ಬದಲಿಸಿ ಕೈ ತೊಳೆದುಕೊಂಡಿದ್ದಳು. ಈಗ ರೇಖೆ ನೆಟ್ಟಗಾಗಿತ್ತು, ಗುರುತು ತಿರುಗಿಯೇ ಉಳಿದಿತ್ತು. ಮೊದಲ ಸುತ್ತಿನ ಪ್ರಶ್ನೆಗಳೆಲ್ಲ ಸಂಖ್ಯಾರೇಖೆಯವೇ. ಸರಿಯಾಗಿ ಒತ್ತಿದವರನ್ನೆಲ್ಲ ಯಂತ್ರ ಕತ್ತೆಗಳ ಸಾಲಿಗೆ ತಳ್ಳಿತ್ತು. ಹಿಂದಿರುಗಿ ನೋಡಿದರೆ ಜೂದಳ ಕುರ್ಚಿ ಇನ್ನೂ ಖಾಲಿ.

ಶೌಚಾಲಯದಲ್ಲಿ ಅವಳಿರಲಿಲ್ಲ. ಅಂಗಳದಲ್ಲಿ ಇರಲಿಲ್ಲ. ಎದುರಿಗೆ ಬಂದ ಇಬ್ತಿಹಾಲ್, "ಯಾರನ್ನ ಹುಡುಕ್ತಿದ್ದೀರಿ?" ಎಂದಾಗ ಹನಾದಿ ಹೆಸರು ಹೇಳಿದಳು, ಆಲಿವ್ ತಟ್ಟೆಯ ಸಂಗತಿಯನ್ನೂ ಹೇಳಿದಳು. ಇಬ್ತಿಹಾಲಳ ಮುಖದ ಬಣ್ಣ ಹೋಯಿತು.

"ಜೂದ್‌ಗಾ? ಜೂದ್‌ಗೆ ಆಲಿವ್ ಬಂತಾ? ಅಯ್ಯೋ ದೇವರೇ, ಅವಳು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಕಣ್ರೀ. ನಾಳೆಯಿಂದ ಯಾರೂ ನನ್ನನ್ನ ಅತ್ತೆ ಕೊಟ್ಟ ಮಾರ್ಕ್ಸು ಅಂತ ಆಡಿಕೊಳ್ಳಲ್ಲ ಅಂತಿದ್ಲು."

ಇಬ್ಬರೂ ತಾರಸಿಗೆ ಓಡಿದರು. ಶಾಲಾಂತ್ಯ ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ಕಚೇರಿಯವರು ದನಿ ತಗ್ಗಿಸಿ ಆಡುವ ಮಾತುಗಳಿದ್ದವು. ಯಾವ ಊರಿನ ಹುಡುಗಿ, ಯಾವ ತಾರಸಿ, ಎಂಬಂಥವು. ಆ ಮಾತು ಬಂದಾಗಲೆಲ್ಲ ಹನಾದಿ ಎದ್ದು ಹೋಗಿ ಕಾಫಿ ಮಾಡಿಕೊಳ್ಳುತ್ತಿದ್ದಳು. ತಾರಸಿಯ ಮೇಲೆ ನೀರಿನ ಟ್ಯಾಂಕುಗಳಿದ್ದವು, ಮಂಜಿತ್ತು, ಮತ್ತೇನೂ ಇರಲಿಲ್ಲ. ಅಂಚಿಗೆ ಹೋಗಿ ಬಗ್ಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ. ಇಬ್ತಿಹಾಲಳೇ ನೋಡಿದಳು. ನೋಡಿ ಚೀರಿದಳು.

"ಬಾವಿ! ಬಾವಿ ಮುಚ್ಚಳ ತೆಗೆದಿದೆ!"

ಶಾಲೆಯ ಹಿಂದೆ ಮಳೆನೀರು ತುಂಬಿಸುವ ಹಳೆಯ ಬಾವಿ. ಕಬ್ಬಿಣದ ಮುಚ್ಚಳ ಪಕ್ಕಕ್ಕೆ ಬಿದ್ದಿತ್ತು. ಗಿಡಕ್ಕೆ ನೀರು ಸೇದಲು ತಾನೇ ತೆಗೆದದ್ದು ಎಂದು ಕಾವಲುಗಾರ ಆಣೆ ಹಾಕಿದ. ಆದರೂ ಹಗ್ಗಕ್ಕೆ ಬ್ಯಾಟರಿ ಕಟ್ಟಿ ಇಳಿಬಿಟ್ಟ. ಉಮ್ಮ್ ಸೈಫ್ ಎದೆ ಬಡಿದುಕೊಳ್ಳುತ್ತಿದ್ದಳು. ಇಬ್ತಿಹಾಲ್ ಬಾವಿಗೆ ಬಗ್ಗಿ ಹೆಸರು ಕೂಗಿದಳು. ಕೂಗಿದ ಹೆಸರೇ ಮೇಲೆ ಬಂತು.

"ನಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡೋಕ್ಕೆ ಅಷ್ಟು ದೂರದಿಂದ ಬಂದ್ರಲ್ಲ," ಎಂದಳು ಇಬ್ತಿಹಾಲ್, ಹನಾದಿಯತ್ತ ತಿರುಗದೆಯೇ. "ಮೊದಲು ನಿಮ್ಮ ಮಕ್ಕಳ ಮೇಲೆ ಮಾಡ್ಬೇಕಿತ್ತು."

ಕೆಲಸ ಹೋಗಲಿ, ಮಾನ ಹೋಗಲಿ, ಹುಡುಗಿ ಸಿಕ್ಕರೆ ಸಾಕು ಎಂದು ಹನಾದಿ ದೇವರ ಮುಂದೆ ಗೋಗರೆಯುತ್ತಿದ್ದಳು. ಬೆಳಕು ಇಳಿಯಿತು. ನೀರಿನ ಮೇಲೆ ಒಂದು ಪ್ಲಾಸ್ಟಿಕ್ ಚೆಂಡು ತೇಲುತ್ತಿತ್ತು. ಮತ್ತೇನೂ ಇಲ್ಲ, ಮತ್ತೇನೂ ಇಲ್ಲ ಎಂದು ಕಾವಲುಗಾರ ಕೂಗಿದ. ಹಾಗಾದರೆ ಎಲ್ಲಿ? ಶಾಲೆಯ ಬೇಲಿಯಾಚೆ ಕಣಿವೆ, ಕಣಿವೆಯ ತುಂಬ ಮಂಜು. ಹನಾದಿ ಗೇಟಿನ ಕಡೆ ಓಡಿದಳು.

ಓಡುವ ದಾರಿಯಲ್ಲೇ ಒಂದನೇ ತರಗತಿಯ ಕಿಟಕಿ. ಒಳಗೆ ಪುಟ್ಟ ಮಕ್ಕಳು ರಾಗವಾಗಿ ಒಂದು, ಎರಡು, ಮೂರು ಎನ್ನುತ್ತಿದ್ದವು. ಆ ದನಿಗಳ ನಡುವೆ ಒಂದು ದನಿ ಉಳಿದವಕ್ಕಿಂತ ದೊಡ್ಡದಿತ್ತು.

ಹನಾದಿ ನಿಂತಳು. ಕೊನೆಯ ಬೆಂಚಿನಲ್ಲಿ ಜೂದ್ ಕೂತಿದ್ದಳು. ಬೆಂಚಿನಡಿ ಕಾಲು ಹಿಡಿಸದೆ ಮೊಣಕಾಲು ಹೊರಗೆ ಚಾಚಿದ್ದಳು. ಪಕ್ಕದ ಪುಟಾಣಿಯ ಹಾಗೆ ಅವಳೂ ಬೆರಳು ಮಡಿಸುತ್ತಿದ್ದಳು.

"ನೀವೇ ಕಳಿಸಿದ್ರಂತಲ್ಲ ಮೇಡಂ?" ಎಂದಳು ಒಳಗಿದ್ದ ಟೀಚರು.

ಹನಾದಿ ಒಳಗೆ ಹೋಗಿ ಬೆಂಚಿನ ಪಕ್ಕ ನೆಲದ ಮೇಲೆ ಕುಸಿದಳು. ಹುಡುಗಿಯ ಕೈ ಮುಟ್ಟಿ ನೋಡಿದಳು. ಬೆಚ್ಚಗಿತ್ತು.

"ಇಲ್ಲಿಗ್ಯಾಕಮ್ಮಾ ಬಂದೆ?"

"ಕಂಪ್ಯೂಟರ್ ಇಲ್ಲಿಗೇ ಹಾಕ್ತು ಮಿಸ್." ಜೂದಳ ದನಿ ತಣ್ಣಗಿತ್ತು. "ಆಲಿವ್ ಏಳಿದ್ವು ಅಂತ ಎಣಿಸ್ದೆ. ಆಮೇಲೆ ಮತ್ತೆ ಎಣಿಸ್ದೆ. ಒತ್ತೋಕ್ಕೆ ಭಯ ಆಯ್ತು. ನಂಗೇ ಗೊತ್ತಿಲ್ಲದೆ ನಾನು ದಡ್ಡಿ ಆಗಿದ್ರೆ?"

"ಇಲ್ಲ ಕಂದಾ. ಏಳೇ ಇದ್ದಿದ್ದು. ಅದಕ್ಕೆ ಮುಂಚಿನ ಉತ್ತರಗಳೂ ಎಲ್ಲ ಸರಿ. ತಪ್ಪು ನಿಂದಲ್ಲ, ನಂದು. ಸರಿಯುತ್ತರದ ಗುರುತನ್ನ ನಾನೇ ತಪ್ಪಾಗಿ ಇಟ್ಟಿದ್ದೆ. ಬಾ, ಎಲ್ಲರ ಮುಂದೆ ಬೋರ್ಡ್ ಮೇಲೆ ಬರೆದು ತೋರಿಸ್ತೀನಿ. ನೀನೇ ಎಲ್ಲರಿಗಿಂತ ಮುಂದೆ ಇದ್ದೆ."

ಜೂದಳ ನೋಟ ಬಾಗಿಲಿಗೆ ಹೋಯಿತು. ಅಲ್ಲಿ ಇಬ್ತಿಹಾಲ್ ಚೌಕಟ್ಟು ಹಿಡಿದು ನಿಂತು ಬಿಕ್ಕುತ್ತಿದ್ದಳು. ಹುಡುಗಿಯ ಕಿವಿ ಮತ್ತೆ ಕೆಂಪಗಾಯಿತು.

"ಹೀಗನ್ನಿ ಅಂತ ಅತ್ತೆ ಹೇಳಿದ್ರಾ ಮಿಸ್?" ಎಂದು ಮೆಲ್ಲಗೆ ಕೇಳಿದಳು.

ಹನಾದಿ ಇಲ್ಲವೆಂದಳು. ದೇವರಾಣೆಗೂ ಇಲ್ಲವೆಂದಳು. ಜೂದ್ ತಲೆಯಾಡಿಸಿ ತನ್ನ ಕೈ ಬಿಡಿಸಿಕೊಂಡು, ಮಡಿಸಿದ್ದ ಬೆರಳುಗಳನ್ನು ಬಿಚ್ಚಿ, ಮೊದಲಿನಿಂದ ಎಣಿಸತೊಡಗಿದಳು.